ಪ್ಯಾಸೆಂಜರ್ ರೈಲಲ್ಲಿ ಕುಮಟಾ ಕಡೆಗೆ: ಚಳಿಗಾಲದಲ್ಲಿ ಒಂದೇ ದಿನ ಹೋಗಿಬರುವವರು ಗಮನಿಸಿ

ಕೊಂಕಣ ರೈಲು ಹತ್ತಿದರೆ ದಾರಿಯುದ್ದಕ್ಕೂ ಸಮುದ್ರ ಕಾಣುತ್ತದೆ ಎಂದು ನಂಬಿ ಮಂಗಳೂರಿನಿಂದ ಹೊರಡಬೇಡಿ. ಹಳಿ ಬಹುಪಾಲು ಕಡಲಿನಿಂದ ದೂರ, ಗದ್ದೆ ಗುಡ್ಡಗಳ ನಡುವೆ ಸಾಗುತ್ತದೆ. ನೋಡಲು ಸಿಗುವುದು ನದಿಗಳು: ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ. ಹೊನ್ನಾವರದ ಶರಾವತಿ ಸೇತುವೆಯೇ ಎರಡು ಕಿ.ಮೀ.ಗೂ ಉದ್ದ. ಹೋಗುವಾಗ ಬಲಕ್ಕೆ ತೆಂಗು ತುಂಬಿದ ಕುರ್ವೆಗಳು (ನದಿ ನಡುವಿನ ದ್ವೀಪಗಳು), ಎಡಕ್ಕೆ ಹೆದ್ದಾರಿ ಸೇತುವೆ ಮತ್ತು ಅಳಿವೆ. ಉಳಿದಂತೆ ಬೆಳಿಗ್ಗೆ ಎಡಗಡೆ ಕೂರುವುದೇ ವಾಸಿ, ಬಿಸಿಲು ಬಲಗಡೆಯಿಂದ ಬರುತ್ತದೆ. ಸಂಜೆ ವಾಪಸ್ಸಾಗುವಾಗಲೂ ಬಿಸಿಲು ಬಲಕ್ಕೇ.

ದಿನ ಹಾಳಾಗುವುದು ಹೆಚ್ಚಾಗಿ ಕ್ರಾಸಿಂಗ್‌ನಿಂದ. ಈ ಭಾಗದಲ್ಲಿ ಇರುವುದು ಒಂದೇ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ ಬಂದರೂ, ಹಿಂದಿನಿಂದ ಬಂದರೂ ಪ್ಯಾಸೆಂಜರ್ ನಿಲ್ದಾಣದ ಪಕ್ಕದ ಲೂಪ್ ಹಳಿಗೆ ಸರಿದು ಕಾಯಬೇಕು. ಕಾಲು ಗಂಟೆ ಎಂದುಕೊಂಡದ್ದು ಮುಕ್ಕಾಲು ಗಂಟೆಯಾದರೆ ಯಾರನ್ನೂ ಕೇಳುವಂತಿಲ್ಲ. ಹಾಗಾಗಿ ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಎರಡು ಊರು ಸಾಕು. ವೇಳಾಪಟ್ಟಿಯನ್ನೂ ಹೊಸದಾಗಿ ನೋಡಿಕೊಳ್ಳಿ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯಕ್ಕೆ ವೇಗ ಇಳಿಸಿ ಬೇರೆಯೇ ಸಮಯ ಇಟ್ಟಿರುತ್ತಾರೆ. ಅಕ್ಟೋಬರ್ ಕಳೆದ ಮೇಲೂ ಅದೇ ಹಳೆಯ ಸ್ಕ್ರೀನ್‌ಶಾಟ್ ಹಿಡಿದು ಬಂದು ರೈಲು ತಪ್ಪಿಸಿಕೊಳ್ಳುವವರಿದ್ದಾರೆ.

ಇನ್ನು ಗೋಕರ್ಣ ರೋಡ್ ನಿಲ್ದಾಣ. ಆ ಹೆಸರಿನಲ್ಲಿರುವ ‘ರೋಡ್’ ಮರೆಯಬೇಡಿ, ಊರು ಅಲ್ಲಿಂದ ಸುಮಾರು ಹತ್ತು ಕಿ.ಮೀ. ರೈಲು ಇಳಿದವರೆಲ್ಲ ಒಟ್ಟಿಗೆ ಹೊರಬಂದಾಗ ಆಟೋದವರು ಹೇಳಿದ್ದೇ ದರ, ಅದನ್ನೂ ಆಟೋಗಲ್ಲ, ತಲೆಗೆ ಎಂದು ಆಮೇಲೆ ಹೇಳುತ್ತಾರೆ. ಹತ್ತುವ ಮೊದಲೇ ‘ಇಡೀ ಆಟೋಗೆ ಎಷ್ಟು?’ ಎಂದು ಕೇಳಿ. ಲಗೇಜ್ ಇಲ್ಲದಿದ್ದರೆ ಹೆದ್ದಾರಿಯ ಮಾದನಗೇರಿ ಕ್ರಾಸ್‌ವರೆಗೆ ನಡೆದುಬಿಡಿ, ಕುಮಟಾ, ಅಂಕೋಲಾದಿಂದ ಗೋಕರ್ಣಕ್ಕೆ ಹೋಗುವ ಬಸ್ಸು ಅಲ್ಲೇ ತಿರುಗುವುದು. ಮುರುಡೇಶ್ವರದಲ್ಲಿ ಈ ತಾಪತ್ರಯ ಕಡಿಮೆ, ನಿಲ್ದಾಣದಿಂದ ದೇವಸ್ಥಾನ ಎರಡು ಮೂರು ಕಿ.ಮೀ. ಅಷ್ಟೇ. ಆದರೆ ಡಿಸೆಂಬರ್‌ನಲ್ಲಿ ಅಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಮಕರ ಸಂಕ್ರಾಂತಿವರೆಗೆ ಅಯ್ಯಪ್ಪ ಮಾಲಾಧಾರಿಗಳ ವಾಹನಗಳು ಸಾಲುಗಟ್ಟಿರುತ್ತವೆ. ಗದ್ದಲ ಒಗ್ಗದವರು ಮಿರ್ಜಾನ್‌ನಲ್ಲಿ ಇಳಿಯಲಿ. ಕೋಟೆಯ ಕೆಂಪು ಮುರಕಲ್ಲಿನ ಗೋಡೆಗಳ ನಡುವೆ ಬೆಳಗಿನ ಹೊತ್ತು ಜನವೇ ಇರುವುದಿಲ್ಲ. ಅಲ್ಲಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಟೆಂಪೊ ಸಿಗುತ್ತದೆ.

ಮಿರ್ಜಾನ್‌ನಂಥ ಸಣ್ಣ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಟಿಕೆಟ್‌ಗೆ ಚಿಲ್ಲರೆ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ತೆಗೆಯುವವರು ಪ್ಲಾಟ್‌ಫಾರ್ಮ್ ಮುಟ್ಟುವ ಮುಂಚೆಯೇ ತೆಗೆದುಕೊಳ್ಳಿ. ಹಳಿಯ ಪಕ್ಕ ನಿಂತರೆ ಆ್ಯಪ್ ಒಪ್ಪುವುದಿಲ್ಲ.

ಊಟಕ್ಕೆ ಕಡಲತೀರದ ‘ಸೀ ವ್ಯೂ’ ಬೋರ್ಡುಗಳ ಹತ್ತಿರ ಹೋಗಬೇಡಿ. ಕುಮಟಾ, ಹೊನ್ನಾವರದ ಬಸ್ ಸ್ಟ್ಯಾಂಡ್ ಸುತ್ತಿನ ಸಣ್ಣ ಹೋಟೆಲುಗಳಲ್ಲಿ, ಲಾರಿಯವರೂ ಮೀನು ಮಾರುವವರೂ ಕೂತು ಉಣ್ಣುವ ಕಡೆ, ಅರ್ಧ ದುಡ್ಡಿಗೆ ಹೊಟ್ಟೆ ತುಂಬುತ್ತದೆ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಹುಳಿ ಹಾಕಿದ ಬಂಗಡೆ ಸಾರು, ರವೆ ಹಚ್ಚಿ ಕಾವಲಿಯಲ್ಲಿ ಹುರಿದ ಮೀನು. ಅಘನಾಶಿನಿಯ ಬಳಚು (ಕಪ್ಪೆಚಿಪ್ಪು) ಇದೆಯಾ ಎಂದು ಕೇಳಿ, ಇದ್ದರೆ ಬಿಡಬೇಡಿ. ಮಧ್ಯಾಹ್ನ ಒಂದರೊಳಗೆ ಹೋಗಿ, ತಡವಾದರೆ ಸಾರಷ್ಟೇ ಉಳಿದಿರುತ್ತದೆ. ಮೀನು ತಿನ್ನದವರಿಗೆ ಬನ್ಸ್ ಇದೆ. ರಾತ್ರಿಯೇ ಬಾಳೆಹಣ್ಣು, ಮೊಸರು ಸೇರಿಸಿ ಹಿಟ್ಟು ಕಲಸಿಡುವುದರಿಂದ ಬೆಳಿಗ್ಗೆ ಎಣ್ಣೆಯಿಂದ ತೆಗೆದಾಗ ಉಬ್ಬಿ, ಒಳಗೆ ಜಾಳಿಗೆಯಂತೆ ಅರಳಿರುತ್ತದೆ, ಜೀರಿಗೆ ಘಮ ಬೇರೆ. ಗಾಜಿನ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಕೂತಿದ್ದರೆ ಬೇಡ ಎನ್ನಿ, ಎಳೆದರೂ ಹರಿಯುವುದಿಲ್ಲ.

ಚಳಿಗಾಲವೆಂದು ಸ್ವೆಟರ್ ಹೊತ್ತು ಬರಬೇಡಿ. ಚಳಿ ಇರುವುದು ಬೆಳಗಿನ ರೈಲಿನ ಕಿಟಕಿ ಪಕ್ಕ ಮಾತ್ರ, ಹನ್ನೊಂದಾದರೆ ಮರಳು ಸುಡುತ್ತದೆ. ಟೋಪಿ, ನೀರು ಸಾಕು.

ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಅದನ್ನು ನೋಡಿಯೇ ಹೊರಡುವುದಾದರೆ ವಾಪಸ್ ಪ್ಯಾಸೆಂಜರ್ ಕೈತಪ್ಪುತ್ತದೆ. ಆಗ ಕಾರವಾರದಿಂದ ಬೆಂಗಳೂರಿಗೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಬಹುದು. ಅದು ಮಂಗಳೂರು ಸೆಂಟ್ರಲ್‌ಗೆ ಬರುವುದಿಲ್ಲ, ಸುರತ್ಕಲ್‌ನಲ್ಲಿ ಇಳಿದು ಬಸ್ಸು ಹತ್ತಬೇಕು. ಜನರಲ್ ಬೋಗಿಯಲ್ಲಿ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸೂರ್ಯಾಸ್ತದ ಆಸೆ ಬಿಟ್ಟು ಪ್ಯಾಸೆಂಜರ್‌ನಲ್ಲೇ ಮರಳಿ, ಇಲ್ಲವೇ ಕುಮಟಾದಿಂದ ನೇರ ಮಂಗಳೂರು ಬಸ್ಸಿಗೆ ಕೂತುಬಿಡಿ.