ಎಸ್ಲಿಂಗೆನ್ನಿನ ಸಭೆಯಲ್ಲಿ ಕೇಳಿಸಿಕೊಂಡದ್ದು

ಒಂಬತ್ತು ವರ್ಷಗಳ ಹಿಂದೆ ಮಂಗಳೂರಿನಿಂದ ಜರ್ಮನಿಗೆ ಬಂದ ಎರಡನೆಯ ವಾರದಲ್ಲಿ, ಮನೆಯ ವಿಳಾಸವನ್ನು ನೋಂದಾಯಿಸಲು ಇಲ್ಲಿನ ನಗರ ಕಚೇರಿಗೆ ಹೋದಾಗ, ಅರ್ಜಿಯ ಕೊನೆಯಲ್ಲಿ ಧರ್ಮ ಯಾವುದೆಂದು ಕೇಳುವ ಸಣ್ಣದೊಂದು ಚೌಕವಿತ್ತು. ಬಲ್ಮಠದ ಆಸುಪಾಸಿನಲ್ಲಿ ಬೆಳೆದು, ಸಿಎಸ್‌ಐ (ದಕ್ಷಿಣ ಭಾರತ ಚರ್ಚ್) ಸಭೆಯಲ್ಲಿ ದೀಕ್ಷಾಸ್ನಾನವನ್ನೂ, ಹರೆಯದಲ್ಲಿ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣವನ್ನೂ ಪಡೆದ ನಾನು ಹೆಚ್ಚು ಯೋಚಿಸದೆ ಅಲ್ಲಿ 'ಇವಾಂಗೆಲಿಷ್', ಅಂದರೆ ಪ್ರೊಟೆಸ್ಟಂಟ್, ಎಂದು ಬರೆದೆ. ಮುಂದಿನ ತಿಂಗಳ ಸಂಬಳದ ಚೀಟಿಯಲ್ಲಿ ಆದಾಯ ತೆರಿಗೆಯ ಕೆಳಗೆ ಹೊಸ ಸಾಲೊಂದು ಮೂಡಿತ್ತು: ಕಿರ್ಖನ್‌ಸ್ಟಾಯರ್, ಅಂದರೆ ಸಭೆಯ ತೆರಿಗೆ. ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿಯೂ ಬವೇರಿಯದಲ್ಲಿಯೂ ಅದು ಆದಾಯ ತೆರಿಗೆಯ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9.

ಫೋನಿನಲ್ಲಿ ಇದನ್ನು ಕೇಳಿದ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಾನುವಾರ ಕಾಣಿಕೆ ಚೀಲದಲ್ಲಿ ಕೈಯಾರೆ ಹಾಕುವ ಹಣವನ್ನು, ಬೆಳೆ ಹಬ್ಬದ ದಿನ ತೆಂಗಿನಕಾಯಿ, ಬಾಳೆಗೊನೆ, ಸುವರ್ಣಗಡ್ಡೆಗಳನ್ನು ಏಲಂ ಹಾಕಿ ಕೂಡಿಸುವ ಹಣವನ್ನು ಮಾತ್ರ ಸಭೆಯ ಹಣವೆಂದು ತಿಳಿದ ಅವರಿಗೆ, ಸರ್ಕಾರ ಸಂಬಳದಿಂದಲೇ ಮುರಿದುಕೊಂಡು ಸಭೆಗೆ ಕೊಡುವುದು ವಿಚಿತ್ರವಾಗಿ ಕಂಡಿತು. ನನಗೂ ಹಾಗೆಯೇ ಕಂಡಿತ್ತು. ಇಲ್ಲಿ ಸರ್ಕಾರಿ ಧರ್ಮವೆಂಬುದು 1919ರ ವೈಮರ್ ಸಂವಿಧಾನದೊಂದಿಗೆ ಕೊನೆಗೊಂಡಿತಾದರೂ, ಸಭೆಗಳು ತಮ್ಮ ಸದಸ್ಯರಿಂದ ತೆರಿಗೆ ಪಡೆಯಬಹುದೆಂಬ ಹಕ್ಕು ಅದೇ ಸಂವಿಧಾನದಲ್ಲಿ ಉಳಿದು, 1949ರ ಮೂಲ ಕಾನೂನಿಗೂ, ಅಂದರೆ ಇಂದಿನ ಸಂವಿಧಾನಕ್ಕೂ, ಹಾಗೆಯೇ ಬಂತು. ಬೇಡವೆನ್ನುವವರು ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಸಭೆಯಿಂದ ಹೊರಬರಬಹುದು. ಹಾಗೆ ಹೊರಬರುವವರು ಪ್ರತಿ ವರ್ಷವೂ ಲಕ್ಷಗಟ್ಟಲೆ.

ನಾನು ಹೊರಬರಲಿಲ್ಲ. ಏಕೆಂದು ಊರಿನ ಬಂಧುಗಳು ಆಗಾಗ ಕೇಳುತ್ತಾರೆ. ಯುರೋಪಿನಲ್ಲಿ ದೇವಾಲಯಗಳು ಖಾಲಿಯಂತೆ, ನಿಜವೇ ಎಂದೂ ಕೇಳುತ್ತಾರೆ. ಎರಡಕ್ಕೂ ಸೇರಿಸಿ ಉತ್ತರ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಎಸ್ಲಿಂಗೆನ್ ಸ್ಟುಟ್‌ಗಾರ್ಟಿನ ಪಕ್ಕದಲ್ಲಿ, ನೆಕ್ಕರ್ ನದಿಯ ದಡದಲ್ಲಿರುವ ಹಳೆಯ ಪಟ್ಟಣ; ಮನೆಗಳ ಬೆನ್ನಿಗೇ ದ್ರಾಕ್ಷಿ ತೋಟಗಳು ಗುಡ್ಡ ಹತ್ತುತ್ತವೆ. 1531ರಲ್ಲಿ, ಅಂದರೆ ಕಥೋಲಿಕ ಸಭೆಯನ್ನು ತಿದ್ದಲು ಹೊರಟ ಸನ್ಯಾಸಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗಿನಲ್ಲಿ ತನ್ನ 95 ವಾದಗಳನ್ನು ಮುಂದಿಟ್ಟ ಹದಿನಾಲ್ಕು ವರ್ಷಗಳ ಬಳಿಕ, ಈ ಊರು ಪ್ರೊಟೆಸ್ಟಂಟ್ ಸುಧಾರಣೆಯನ್ನು ಒಪ್ಪಿಕೊಂಡಿತು. ಸುತ್ತಲಿನ ವ್ಯುರ್ಟೆಂಬರ್ಗ್ ಪ್ರಾಂತ 1534ರಲ್ಲಿ ಒಪ್ಪಿಕೊಂಡಿತು. ಮೊದಲ ಭಾನುವಾರ ನಾನು ಹೋದದ್ದು ನಮ್ಮ ಬಡಾವಣೆಯ ಸಾಧಾರಣ ದೇವಾಲಯಕ್ಕೆ. ಐನೂರು ಜನ ಕೂರಬಹುದಾದಲ್ಲಿ ಮೂವತ್ತೈದು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ನನ್ನ ಅಜ್ಜಿಯ ವಯಸ್ಸಿನವರು. ಬಾಗಿಲ ಬಳಿಯ ಕಪಾಟಿನಿಂದ ಸಂಗೀತ ಪುಸ್ತಕ, ಅಂದರೆ ಸಭೆಯವರು ಕೂಡಿ ಹಾಡುವ ಹಾಡುಗಳ ಪುಸ್ತಕ, ತೆಗೆದುಕೊಂಡು ಕೂತೆ. ಗೋಡೆಯ ಮೇಲೆ ಕಪ್ಪು ಹಲಗೆ, ಅದರಲ್ಲಿ ಅಂದಿನ ಸಂಗೀತಗಳ ಸಂಖ್ಯೆಗಳು. ಬೋಧಪೀಠದ ಕೆಳಗೆ ಕಪ್ಪು ನಿಲುವಂಗಿಯ ಮೇಲೆ ಬಿಳಿಯ ಎರಡು ಪಟ್ಟಿಗಳ ಕೊರಳಪಟ್ಟಿ ತೊಟ್ಟ ಸಭಾಪಾಲಕಿ. ವ್ಯುರ್ಟೆಂಬರ್ಗಿನಲ್ಲಿ ಹೆಂಗಸರು ಸಭಾಪಾಲಕರಾಗುವ ಹಾದಿ 1968ರಲ್ಲಿಯೇ ತೆರೆದಿತ್ತು.

ಆರ್ಗನ್ ಮೊದಲ ಸಂಗೀತವನ್ನು ಎತ್ತಿಕೊಂಡಾಗ ನಾನು ಬೆಚ್ಚಿದೆ. ಪದಗಳು ಒಂದೂ ತಿಳಿಯಲಿಲ್ಲ, ಆದರೆ ರಾಗ ನನ್ನದು. ಚಿಕ್ಕಂದಿನಲ್ಲಿ ಅಮ್ಮನ ಪಕ್ಕದಲ್ಲಿ ನಿಂತು ನೂರಾರು ಸಲ ಹಾಡಿದ ರಾಗ. ಪುಸ್ತಕದಲ್ಲಿ ಜರ್ಮನ್ ಸಾಲುಗಳಿದ್ದರೂ ಬಾಯಿಯಲ್ಲಿ ಕನ್ನಡವೇ ಬಂತು, ಮೆಲ್ಲಗೆ, ಮೂರು ಚರಣ ಮುಗಿಯುವವರೆಗೂ.

ಇದರ ಕಾರಣ ನಮ್ಮೂರಿನವರಿಗೆ ಹೊಸತಲ್ಲ. 1834ರ ಅಕ್ಟೋಬರಿನಲ್ಲಿ ಮಂಗಳೂರಿನ ದಡ ಸೇರಿದ ಬಾಸೆಲ್ ಮಿಶನ್ನಿನ ಮೊದಲ ಮೂವರಲ್ಲಿ ಸ್ಯಾಮುವೆಲ್ ಹೆಬಿಕ್ ಇದೇ ಸೀಮೆಯ, ಉಲ್ಮ್ ಬಳಿಯ ಒಂದು ಹಳ್ಳಿಯವರು. 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಪ್ರಾಂತದ ಬ್ರಾಕನ್‌ಹೈಮಿನಲ್ಲಿ ಹುಟ್ಟಿ, ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿ, 1881ರಲ್ಲಿ ನಾನಿರುವ ಈ ಎಸ್ಲಿಂಗೆನ್ನಿನಲ್ಲಿಯೇ ಕಣ್ಣು ಮುಚ್ಚಿದರು. ಬಾಸೆಲ್ ಮಿಶನ್ ಲೂಥರನನ್ನು ಅನುಸರಿಸುವ ಲೂಥರನ್ ಹಾಗೂ ಸ್ವಿಸ್ ಸುಧಾರಕರನ್ನು ಅನುಸರಿಸುವ ರಿಫಾರ್ಮ್ಡ್ ಎರಡೂ ಪರಂಪರೆಯವರನ್ನು ಒಳಗೊಂಡದ್ದು. ನಮ್ಮ ಸಿಎಸ್‌ಐ 1947ರಲ್ಲಿ ಹಲವು ಪರಂಪರೆಗಳು ಕೂಡಿ ಆದದ್ದು. ಆದ್ದರಿಂದ ಲೂಥರನ್ ಎಂಬ ಹೆಸರು ನೇರವಾಗಿ ನಮ್ಮದಲ್ಲ. ಆದರೆ ನಮಗೆ ಕಲಿಸಿದವರ ಕಿವಿ ಈ ಬೆಂಚುಗಳ ಮೇಲೆ ಕೂತು ಪಳಗಿದ ಕಿವಿ.

ಕಿವಿ ಎಂದು ಬೇಕೆಂದೇ ಬರೆದೆ. ಲೂಥರನ್ ಆರಾಧನೆಯ ಮುಖ್ಯ ಅಂಗ ಕಣ್ಣಲ್ಲ, ಕಿವಿ. ಸತ್ಯವೇದದ (ಬೈಬಲಿನ) ವಾಕ್ಯ ಓದಬೇಕು, ಅದರ ಮೇಲೆ ಪ್ರಸಂಗ ಹೇಳಬೇಕು, ಸಭೆಯವರೆಲ್ಲರೂ ಹಾಡಬೇಕು. ನಂಬಿಕೆ ಹುಟ್ಟುವುದು ಕೇಳುವುದರಿಂದ ಎಂಬುದು ಅವರ ದೃಢವಾದ ನಿಲುವು. ಉತ್ತರ ಜರ್ಮನಿಯಲ್ಲಿಯೂ ಬವೇರಿಯದಲ್ಲಿಯೂ ಪ್ರಾರ್ಥನೆಗಳನ್ನು ರಾಗವಾಗಿ ಹಾಡುವ ಕ್ರಮವಿದೆ. ವ್ಯುರ್ಟೆಂಬರ್ಗ್ ಮಾತ್ರ ಬೋಧನೆಯಲ್ಲಿ ಅಪ್ಪಟ ಲೂಥರನ್ ಆದರೂ ಆರಾಧನೆಯಲ್ಲಿ ತೀರ ಸರಳ: ಸಂಗೀತ, ಕೀರ್ತನೆ, ವಾಕ್ಯ, ಪ್ರಸಂಗ, ಪ್ರಾರ್ಥನೆ, ಆಶೀರ್ವಾದ. ಪ್ರಸಂಗ ಇಪ್ಪತ್ತು ನಿಮಿಷ ನಡೆಯುತ್ತದೆ, ಆಗ ಯಾರೂ ಕೆಮ್ಮುವುದೂ ಇಲ್ಲ.

ಕೇಳಬೇಕಾದರೆ ಅರ್ಥವಾಗುವ ಭಾಷೆ ಬೇಕು. ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದ ಲೂಥರ್ ಕೆಲವೇ ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದು 1522ರ ಸೆಪ್ಟೆಂಬರಿನಲ್ಲಿ ಅಚ್ಚು ಹಾಕಿಸಿದ್ದು, ಇಡೀ ಸತ್ಯವೇದವನ್ನು 1534ರಲ್ಲಿ ಮುಗಿಸಿದ್ದು ಎಲ್ಲರೂ ಬಲ್ಲ ಸಂಗತಿ. ಅನುವಾದದ ಬಗ್ಗೆ 1530ರಲ್ಲಿ ಬರೆದ ಪತ್ರದಲ್ಲಿ ಆತ, ಜರ್ಮನ್ ಹೇಗೆ ಆಡಬೇಕೆಂದು ಲ್ಯಾಟಿನ್ ಅಕ್ಷರಗಳನ್ನು ಕೇಳುವ ಬದಲು ಮನೆಯ ತಾಯಿಯನ್ನು, ಬೀದಿಯ ಮಕ್ಕಳನ್ನು, ಸಂತೆಯ ಸಾಮಾನ್ಯ ಮನುಷ್ಯನನ್ನು ಕೇಳಿ, ಅವರು ಮಾತಾಡುವಾಗ ಬಾಯಿಯನ್ನೇ ನೋಡಬೇಕೆಂದು ಹೇಳುತ್ತಾನೆ. ಇದನ್ನು ಇಲ್ಲಿ ಓದಿದಾಗ ನನಗೆ ಮೋಗ್ಲಿಂಗ್ ಗಾದೆಗಳನ್ನು ಕೂಡಿಸಿದ್ದು, ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಪ್ರಕಟಿಸಿದ್ದು, ಕಿಟೆಲ್ ದಶಕಗಳ ಕಾಲ ಪದ ಪದ ಹೆಕ್ಕಿ 1894ರಲ್ಲಿ ಕೋಶವನ್ನು ಹೊರತಂದದ್ದು ಬೇರೊಂದು ಬೆಳಕಿನಲ್ಲಿ ಕಂಡವು. ಧರ್ಮ ಪ್ರಚಾರಕ್ಕೆ ಬಂದವರು ಕನ್ನಡದ ಕೆಲಸವನ್ನೂ ಮಾಡಿದರೆಂದು ನಾವು ಎರಡು ಕೆಲಸಗಳಂತೆ ಹೇಳುತ್ತೇವೆ. ಅವರ ಲೆಕ್ಕದಲ್ಲಿ ಅದು ಒಂದೇ ಕೆಲಸವಾಗಿತ್ತೆಂದು ನನಗನಿಸುತ್ತದೆ.

ಆ ಮೊದಲ ವರ್ಷ ನನಗೆ ಪ್ರಸಂಗ ಅರ್ಥವಾಗುತ್ತಿರಲಿಲ್ಲ, ಅದರಲ್ಲೂ ಮುದುಕರ ಶ್ವಾಬಿಷ್ ಆಡುಮಾತು ಕಿವಿಗೆ ನಿಲುಕುತ್ತಲೇ ಇರಲಿಲ್ಲ. ಮೊದಲು ಹಿಡಿತಕ್ಕೆ ಸಿಕ್ಕ ದೊಡ್ಡ ಪದ 'ರೆಖ್ಟ್‌ಫರ್ಟಿಗುಂಗ್'. ಲೂಥರನ್ ಬೋಧನೆಯ ತಿರುಳೇ ಅದು: ದೇವರ ಮುಂದೆ ಮನುಷ್ಯ ನೀತಿವಂತನಾಗುವುದು ತನ್ನ ಕಾರ್ಯಗಳಿಂದಲ್ಲ, ಕೃಪೆಯಿಂದ, ನಂಬಿಕೆಯ ಮೂಲಕ. ಆದರೆ ಇಂದಿನ ಜರ್ಮನ್ ಆಡುಮಾತಿನಲ್ಲಿ ಅದೇ ಪದಕ್ಕೆ ತನ್ನನ್ನು ತಾನು ಸಮರ್ಥಿಸಿಕೊಳ್ಳುವುದು ಎಂಬ ಅರ್ಥ. ಕಚೇರಿಗೆ ತಡವಾಗಿ ಬಂದವನು ಮಾಡುವುದು ಅದನ್ನೇ. ಹದಿಹರೆಯದವರಿಗೆ ಆ ಪದ ಕಿವಿಗೆ ಬಿದ್ದ ಕೂಡಲೇ ಉಲ್ಟಾ ಅರ್ಥವೇ ಹೊಳೆಯುತ್ತದೆಂದು ನಮ್ಮ ಸಭಾಪಾಲಕಿ ಒಮ್ಮೆ ಬೇಸರದಿಂದ ಹೇಳಿದರು. ನಮ್ಮ ಸತ್ಯವೇದದಲ್ಲಿ ಇದಕ್ಕೆ 'ನೀತಿವಂತನೆಂದು ನಿರ್ಣಯಿಸಲ್ಪಡುವುದು' ಎಂಬ ಉದ್ದವಾದ ಮಾತಿದೆ. ಕನ್ನಡದಲ್ಲಿ 'ಅಲ್ಪಡು' ಹತ್ತಿಸಿದ ಕ್ರಿಯಾಪದ ಸಹಜವಲ್ಲವೆಂದು ಶಾಲೆಯಲ್ಲಿ ಕಲಿತಿದ್ದೆ, ಆ ಮಾತು ನನಗೂ ಎಂದೂ ತೊಡಕೆಂದೇ ಅನ್ನಿಸಿತ್ತು. ಜರ್ಮನ್ನರಿಗೆ ಅದನ್ನು ಬಿಡಿಸಿ ಹೇಳಲು ಹೋದಾಗ ಮಾತ್ರ ಅದರ ಬೆಲೆ ತಿಳಿಯಿತು: ಇಲ್ಲಿ ಕ್ರಿಯೆ ನಡೆಸುವವನು ನಾನಲ್ಲ. ಆ ತೊಡಕಾದ ಪ್ರತ್ಯಯದಲ್ಲಿಯೇ ಇಡೀ ಸುಧಾರಣೆ ಅಡಗಿದೆ.

ನಮ್ಮ ಕಾರ್ಖಾನೆಗಳ ಈ ನಾಡಿನಲ್ಲಿ ಆ ಮಾತಿಗೆ ಇಂದೂ ಕೇಳುವ ಕಿವಿಗಳಿವೆ. ವರ್ಷಕ್ಕೆರಡು ಸಲ ನಮ್ಮ ಕೆಲಸವನ್ನು ಅಂಕಿಗಳಲ್ಲಿ ತೂಗುತ್ತಾರೆ. ದಣಿದು ಮೂರು ತಿಂಗಳು ಮನೆಯಲ್ಲಿ ಮಲಗಿದ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಏನನ್ನೂ ಸಾಧಿಸುವ ಮೊದಲೇ ನಿನ್ನನ್ನು ಒಪ್ಪಿಕೊಳ್ಳಲಾಗಿದೆ ಎಂಬ ಮಾತು ಒಂದು ಭಾನುವಾರ ಬೋಧಪೀಠದಿಂದ ಬಂದಾಗ, ಎರಡು ಬೆಂಚು ಮುಂದೆ ಕೂತಿದ್ದ ದೊಡ್ಡ ಆಳೊಬ್ಬರು ಕನ್ನಡಕ ತೆಗೆದು ಮುಖ ಒರೆಸಿಕೊಂಡದ್ದನ್ನು ನಾನು ಮರೆತಿಲ್ಲ.

ಆದರೂ ಬೆಂಚುಗಳು ಖಾಲಿ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. 2022ರಿಂದೀಚೆಗೆ ಪ್ರೊಟೆಸ್ಟಂಟ್ ಹಾಗೂ ಕಥೋಲಿಕ ಸಭೆಗಳೆರಡರ ಸದಸ್ಯರನ್ನು ಕೂಡಿಸಿದರೂ ಜರ್ಮನಿಯ ಅರ್ಧದಷ್ಟು ಜನರಾಗುವುದಿಲ್ಲ. ಪ್ರೊಟೆಸ್ಟಂಟ್ ಸಭೆಯಲ್ಲಿ 2024ರ ಕೊನೆಗೆ ಇದ್ದವರು ಸುಮಾರು 1.8 ಕೋಟಿ. ಸಭೆಯ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ದಶಕಗಳ ಕಾಲ ನಡೆದ ಲೈಂಗಿಕ ದೌರ್ಜನ್ಯದ ಕುರಿತ ದೊಡ್ಡ ಅಧ್ಯಯನ 2024ರ ಜನವರಿಯಲ್ಲಿ ಹೊರಬಂದಾಗ, ತೀರ ನಿಷ್ಠರಾದವರೂ ತಲೆ ತಗ್ಗಿಸಿದರು. ನಮ್ಮ ಬೀದಿಯಲ್ಲೇ ಇಬ್ಬರು ಸಹಿ ಹಾಕಿ ಹೊರನಡೆದರು, ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ವ್ಯುರ್ಟೆಂಬರ್ಗಿನ ಸಭೆ 2030ಕ್ಕೆ ಮುನ್ನ ಸಭಾಪಾಲಕರ ಹುದ್ದೆಗಳನ್ನು ಇನ್ನಷ್ಟು ಕಡಿತಗೊಳಿಸುತ್ತಿದೆ, ಅಕ್ಕಪಕ್ಕದ ಸಭೆಗಳು ಒಂದಾಗುತ್ತಿವೆ.

ಹಾಗಿದ್ದರೆ ತೆರಿಗೆ ಏಕೆ ಕೊಡುತ್ತೇನೆ? ಒಂದು ಕಾರಣ ಸ್ಟುಟ್‌ಗಾರ್ಟಿನ ಲಿಯೊನ್‌ಹಾರ್ಡ್ ದೇವಾಲಯದಲ್ಲಿದೆ. 1995ರಿಂದ ಪ್ರತಿ ಚಳಿಗಾಲದಲ್ಲಿ ಏಳು ವಾರ ಆ ದೇವಾಲಯ ಬಡವರ ಊಟದ ಮನೆಯಾಗುತ್ತದೆ. ಫೆಸ್ಪರ್‌ಕಿರ್ಖೆ ಎಂದು ಹೆಸರು, ಫೆಸ್ಪರ್ ಎಂದರೆ ಈ ಕಡೆಯವರ ಬಾಯಲ್ಲಿ ಹಗುರ ಊಟ. ನಾನು ರಜೆ ಹಾಕಿ ಮೂರು ಚಳಿಗಾಲಗಳಲ್ಲಿ ಅಲ್ಲಿ ಬಡಿಸಿದ್ದೇನೆ. ಕಂಬಗಳ ನಡುವೆ ಮೇಜುಗಳು, ಬಿಸಿ ಸೂಪಿನ ಹಬೆ, ಒದ್ದೆ ಕೋಟುಗಳ ವಾಸನೆ, ಬಲಿಪೀಠದಿಂದ ಹತ್ತು ಹೆಜ್ಜೆ ದೂರದಲ್ಲಿ ಮೇಜಿನಡಿ ಮಲಗಿದ ನಾಯಿಗಳು. ಅವುಗಳಿಗೂ ಪಶುವೈದ್ಯರು ಬರುತ್ತಾರೆ, ಜನರಿಗೆ ವೈದ್ಯರೂ ಕ್ಷೌರಿಕರೂ ಬರುತ್ತಾರೆ. ಕಾಗದದ ತಟ್ಟೆ ಕೊಡುವುದಿಲ್ಲ, ಪಿಂಗಾಣಿ ತಟ್ಟೆಯೇ ಕೊಡಬೇಕು. ಬಂದವರು ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಸತ್ಕಾರ್ಯ ದೇವರಿಗೆ ಬೇಕಿಲ್ಲ, ನೆರೆಯವನಿಗೆ ಬೇಕು ಎಂಬ ಲೂಥರನ ಬೋಧನೆಯನ್ನು ದೃಢೀಕರಣದ ಪಾಠದಲ್ಲಿ ನಾನೂ ಓದಿದ್ದೆ. ಅದರ ಅರ್ಥ ತಿಳಿದದ್ದು ಅಲ್ಲಿ, ಸೂಪಿನ ಬಟ್ಟಲು ಹಿಡಿದು ನಿಂತಾಗ.

ಇನ್ನೊಂದು ಕಾರಣ ನನ್ನ ಮಗಳು. ಇಲ್ಲಿ ಹದಿನಾಲ್ಕು ತುಂಬಿದ ಮಕ್ಕಳು ಧರ್ಮದ ವಿಷಯದಲ್ಲಿ ಕಾನೂನಿನ ಪ್ರಕಾರ ಸ್ವತಂತ್ರರು. ಅದೇ ವಯಸ್ಸಿಗೆ ದೃಢೀಕರಣ. ಬುಧವಾರ ಮಧ್ಯಾಹ್ನಗಳ ಪಾಠಕ್ಕೆ ಹೋಗುತ್ತಿರುವ ಅವಳು, ಎಲ್ಲವನ್ನೂ ನಂಬಲಾಗುತ್ತಿಲ್ಲವೆಂದು ಸಭಾಪಾಲಕಿಗೇ ಹೇಳಿ ಬಂದಳು. ಅವರು ಗದರಲಿಲ್ಲ, ಆ ಸಂಶಯವನ್ನೇ ಮುಂದಿನ ವಾರದ ಪಾಠವಾಗಿ ಮಾಡಿದರು. ನಮ್ಮ ಕಾಲದಲ್ಲಿ ನಾವು ಪ್ರಶ್ನೋತ್ತರವನ್ನು ಬಾಯಿಪಾಠ ಒಪ್ಪಿಸಿ ಮುಗಿಸಿದ್ದೆವು. ಬಾಯಿಪಾಠ ಮಾಡಿದ್ದು ಇಂದಿಗೂ ನನ್ನೊಳಗಿದೆ, ಅದನ್ನು ಹಗುರವೆನ್ನಲಾರೆ. ಆದರೆ ನಾನು ಆ ವಯಸ್ಸಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಅವಳು ಕೇಳಿದಳೆಂಬ ಸಂತೋಷವೂ ಇದೆ.

ಕಳೆದ ವರ್ಷ ಪಂಚಾಶತ್ತಮ ದಿನದ ಹಬ್ಬಕ್ಕೆ, ಅಂದರೆ ಪೆಂಟೆಕೋಸ್ಟಿಗೆ, ಸತ್ಯವೇದದ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ಸಭೆಯಲ್ಲಿರುವ ಎಲ್ಲ ಭಾಷೆಗಳಲ್ಲಿ ಓದಿಸೋಣವೆಂದು ನಿಶ್ಚಯವಾಯಿತು. ಹಂಗೇರಿಯನ್, ಫಾರ್ಸಿ, ಘಾನಾದ ಟ್ವಿ, ಇಂಗ್ಲಿಷ್, ಐದನೆಯದಾಗಿ ಕನ್ನಡ. ಅಜ್ಜಿಯ ಸತ್ಯವೇದವನ್ನು, ಬೆನ್ನು ಬಿಚ್ಚಿಹೋಗಿ ಬಟ್ಟೆ ಅಂಟಿಸಿದ್ದನ್ನು, ಎದೆಗೊತ್ತಿಕೊಂಡು ಹೋದೆ. ಪ್ರತಿಯೊಬ್ಬನೂ ತಾನು ಹುಟ್ಟಿದ ಭಾಷೆಯಲ್ಲಿ ಕೇಳಿಸಿಕೊಂಡನೆಂಬ ಭಾಗ ಬರುವಾಗ ನನ್ನ ದನಿ ಒಡೆಯಿತು. ನಿಂತು, ನೀರು ಕುಡಿದು, ಮುಂದುವರಿಸಿದೆ. ಎದುರಿಗಿದ್ದವರಿಗೆ ಒಂದು ಪದವೂ ತಿಳಿಯುತ್ತಿಲ್ಲವೆಂದು ಕಾಣುತ್ತಿತ್ತು. ಅಷ್ಟರಲ್ಲಿ ಊರುಗಳ ಹೆಸರಿನ ಸಾಲು ಬಂತು: ಮೆಸೊಪೊತಾಮ್ಯ, ಯೂದಾಯ, ಕಪ್ಪದೋಕ್ಯ, ಐಗುಪ್ತ, ಕ್ರೇತ. ಒಂದೊಂದು ಹೆಸರಿಗೂ ಒಂದೊಂದು ಮುದಿ ತಲೆ ಮೇಲೆದ್ದು ಆಡಿತು. ಮುಂದಿನ ಬೆಂಚಿನ ಹೆಂಗಸು ತುಟಿಯಾಡಿಸುತ್ತ ನನ್ನ ಜೊತೆಗೇ ಆ ಹೆಸರುಗಳನ್ನು ಜರ್ಮನ್ನಿನಲ್ಲಿ ಹೇಳಿಕೊಳ್ಳುತ್ತಿದ್ದರು.

ಈ ವರ್ಷ ಓದುವವಳು ಮಗಳು. ಅವಳ ಕನ್ನಡ ಮಾತು ಚೆನ್ನಾಗಿದೆ, ಓದು ಇನ್ನೂ ತಡವರಿಸುತ್ತದೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ. ಶನಿವಾರ ಸಂಜೆ ಅಡುಗೆಮನೆಯ ಮೇಜಿನ ಬಳಿ ಕೂತು ಅಭ್ಯಾಸ ಶುರು ಮಾಡಿದ್ದೇವೆ. ಅವಳೇ ಕೇಳಿಕೊಂಡಂತೆ, ಅಧ್ಯಾಯದ ಮೊದಲಿನಿಂದಲ್ಲ, ಆ ಊರುಗಳ ಹೆಸರಿನಿಂದ.