ಉತ್ತರ ಸ್ಕ್ಯಾಂಡಿನೇವಿಯಾಗೆ ಮೋಟರ್‌ಹೋಮ್ ಪ್ರವಾಸ: ದಾರಿಯಲ್ಲಿ ಜನ ಸಿಗುವುದು ಎಲ್ಲಿ, ಮಾತು ಶುರುವಾಗುವುದು ಹೇಗೆ

ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಬಾಡಿಗೆಗೆ ತಗೊಂಡು ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್‌ನ ಉತ್ತರದ ತುದಿಗೆ ಹೋಗಬೇಕು ಅಂತ ಇರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಖರ್ಚು, ವೀಸಾ ಮತ್ತು ಮಧ್ಯರಾತ್ರಿಯ ಸೂರ್ಯನ ಬಗ್ಗೆ. ನಾನು ಇಲ್ಲಿ ಬರೆಯುತ್ತಿರುವುದು ದಾರಿಯಲ್ಲಿ ಸಿಗುವ ಸಹಪ್ರಯಾಣಿಕರ ಬಗ್ಗೆ. ಆ ಕಡೆ ಒಂದು ಊರು ಬಿಟ್ಟರೆ ಇನ್ನೊಂದು ಊರು ಬೇಗ ಬರುವುದಿಲ್ಲ. ಮುಂದಿನ ರಸ್ತೆ ಹೇಗಿದೆ, ನೀರು ಎಲ್ಲಿ ತುಂಬಿಸಬಹುದು, ಗಾಡಿ ಸಮೇತ ಸಮುದ್ರ ದಾಟಿಸುವ ಫೆರಿಗೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಆ ಬೆಳಿಗ್ಗೆ ಅಲ್ಲಿಂದ ಬಂದವರೇ ಸರಿಯಾಗಿ ಹೇಳಬಲ್ಲರು. ಪ್ರವಾಸದ ಖುಷಿಯಲ್ಲಿ ಅರ್ಧ ಪಾಲು ನಮಗೆ ಸಿಕ್ಕಿದ್ದೂ ಅವರಿಂದಲೇ.

ಮೊದಲು ದಾರಿ ಹೇಳಿಬಿಡುತ್ತೇನೆ. ನಾನು, ಹೆಂಡತಿ, ಮಗಳು ಸ್ಟಾಕ್‌ಹೋಮ್‌ನಲ್ಲಿ ಗಾಡಿ ತಗೊಂಡು ಇ4 ಹೆದ್ದಾರಿ ಹಿಡಿದು ಬಾಲ್ಟಿಕ್ ಕರಾವಳಿಯ ಉದ್ದಕ್ಕೂ ಮೇಲಕ್ಕೆ ಹೋದೆವು. ಲೂಲಿಯೋ ಹತ್ತಿರ ಇ10 ಹಿಡಿದರೆ ಕಿರುನಾ, ಅಬಿಸ್ಕೊ ದಾಟಿ ನಾರ್ವೆಯ ನಾರ್ವಿಕ್. ಅಲ್ಲಿಂದ ಲೊಫೋಟೆನ್ ದ್ವೀಪಗಳು. ವಾಪಸ್ ಬರುವಾಗ ಆಂಡೆನೆಸ್‌ನಿಂದ ಫೆರಿಯಲ್ಲಿ ಸೆನ್ಯಾ ದ್ವೀಪ, ಆಮೇಲೆ ಟ್ರೋಮ್ಸೊ, ಆಲ್ಟಾ, ನಾರ್ತ್ ಕೇಪ್. ಕೊನೆಗೆ ಫಿನ್‌ಲ್ಯಾಂಡ್‌ನ ಇನಾರಿ, ರೊವಾನಿಯೆಮಿ ಮೇಲೆ ಸ್ವೀಡನ್ ಗಡಿಯ ಹಾಪರಾಂಡಾಗೆ ಬಂದು ಮತ್ತೆ ಇ4. ಮೂರೂ ಷೆಂಗೆನ್ ದೇಶಗಳಾದ್ದರಿಂದ ಒಂದೇ ವೀಸಾ ಸಾಕು. ಸ್ಟಾಕ್‌ಹೋಮ್‌ನಿಂದ ಕಿರುನಾಗೇ 1,200 ಕಿಲೋಮೀಟರ್‌ಗಿಂತ ಜಾಸ್ತಿ. ಹಾಗಾಗಿ ಎರಡು ವಾರದಲ್ಲಿ ಎಲ್ಲವನ್ನೂ ಮುಗಿಸುತ್ತೇನೆ ಅಂತ ಹೊರಡಬೇಡಿ. ದಿನವಿಡೀ ಓಡಿಸಿ ರಾತ್ರಿ ಸುಸ್ತಾಗಿ ಮಲಗುವವರಿಗೆ ಪಕ್ಕದ ಗಾಡಿಯವರ ಮುಖ ನೋಡುವುದಕ್ಕೂ ಪುರುಸೊತ್ತು ಇರುವುದಿಲ್ಲ.

ಸಂಜೆ ನಾಲ್ಕೈದು ಗಂಟೆಗೆ ಗಾಡಿ ನಿಲ್ಲಿಸಿಬಿಡಿ. ನನ್ನ ಮೊದಲ ಸಲಹೆ ಇದು. ಜೂನ್, ಜುಲೈನಲ್ಲಿ ಆರ್ಕ್‌ಟಿಕ್ ವೃತ್ತದ ಮೇಲೆ ಕತ್ತಲಾಗುವುದೇ ಇಲ್ಲ, ಇನ್ನೂ ಬೆಳಕಿದೆ ಅಲ್ವಾ ಅಂತ ಓಡಿಸುತ್ತಲೇ ಇರುತ್ತೇವೆ. ಆದರೆ ಜನ ಹೊರಗೆ ಕುರ್ಚಿ ಹಾಕಿಕೊಂಡು ಕೂರುವುದು, ಅಡುಗೆ ಮಾಡುವುದು, ನಕ್ಷೆ ಬಿಡಿಸಿ ನಾಳೆಯ ಲೆಕ್ಕ ಹಾಕುವುದು ಸಂಜೆಯ ಹೊತ್ತಿಗೇ. ಬೇಗ ಬಂದರೆ ಒಳ್ಳೆ ಜಾಗವೂ ಸಿಗುತ್ತದೆ, ನೆರೆಯವರೂ ಸಿಗುತ್ತಾರೆ.

ಅಲ್ಲಿಯವರು ತಾವಾಗಿ ಬಂದು ಬಾಗಿಲು ತಟ್ಟುವುದು ಕಡಿಮೆ. ಅದನ್ನು ಬಿಗುಮಾನ ಅಂತ ತಿಳಿಯಬೇಡಿ. ಇನ್ನೊಬ್ಬರ ನೆಮ್ಮದಿಗೆ ಅಡ್ಡ ಬರಬಾರದು ಅನ್ನುವ ಕಾಳಜಿ ಅದು. ನೀವು ಒಂದು ಪ್ರಶ್ನೆ ಕೇಳಿದರೆ ಸಾಕು, ಹತ್ತು ಉತ್ತರ ಬರುತ್ತವೆ. ಬೇಸಿಗೆಯಲ್ಲಿ ಅಲ್ಲಿ ಓಡಾಡುವ ಗಾಡಿಗಳಲ್ಲಿ ಜರ್ಮನರದ್ದು ಬಹಳ. ಡಚ್ಚರು, ಸ್ವಿಸ್, ಫ್ರೆಂಚ್, ಇಟಾಲಿಯನ್ನರೂ ಸಿಗುತ್ತಾರೆ. ನಿವೃತ್ತರಾದ ಗಂಡ ಹೆಂಡತಿ ತಿಂಗಳುಗಟ್ಟಲೆ ಸುತ್ತುವುದು ಸಾಮಾನ್ಯ. ವಯಸ್ಸಾದ ಕೆಲವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆಗ ಕಾಗದದ ನಕ್ಷೆ ಮುಂದಿಟ್ಟು ಬೆರಳಿಟ್ಟು ತೋರಿಸಿದರೆ ಮುಗಿಯಿತು. ಆ ಕಾರಣಕ್ಕಾದರೂ ಒಂದು ದೊಡ್ಡ ನಕ್ಷೆ ಕೊಂಡುಕೊಳ್ಳಿ. ಮೊಬೈಲ್ ಪರದೆಯ ಸುತ್ತ ನಾಲ್ಕು ಜನ ಕೂರಲಾಗುವುದಿಲ್ಲ.

ಜನ ಸಿಗುವ ಜಾಗ ಯಾವುದು? ನಮ್ಮ ಅನುಭವದಲ್ಲಿ ಗಾಡಿ ನಿಲ್ಲಿಸಿ ತಂಗುವ ಕ್ಯಾಂಪಿಂಗ್ ಜಾಗದಲ್ಲಿ ಎಲ್ಲರೂ ಬಳಸುವ ಅಡುಗೆಮನೆಗೆ ಮೊದಲ ಸ್ಥಾನ. ಗಾಡಿಯೊಳಗೇ ಒಲೆ ಇದ್ದರೂ ಸಂಜೆಯ ಅಡುಗೆಯನ್ನು ಅಲ್ಲೇ ಮಾಡಿ. ಗಾಡಿಯ ಗ್ಯಾಸ್ ಕೂಡ ಉಳಿಯುತ್ತದೆ. ಉಳಿಸುವುದು ಮುಖ್ಯ, ಯಾಕೆಂದರೆ ಸಿಲಿಂಡರ್ ಜೋಡಣೆ ದೇಶದಿಂದ ದೇಶಕ್ಕೆ ಬೇರೆ, ಎಲ್ಲ ಕಡೆ ಬದಲಿಸಿಕೊಳ್ಳಲು ಆಗುವುದಿಲ್ಲ. ಲೊಫೋಟೆನ್‌ನ ಸ್ವೋಲ್ವರ್ ಹತ್ತಿರದ ಒಂದು ಕ್ಯಾಂಪಿಂಗ್‌ನಲ್ಲಿ ನನ್ನ ಹೆಂಡತಿ ಸಾಸಿವೆ, ಕರಿಬೇವು, ಇಂಗು ಹಾಕಿ ಒಗ್ಗರಣೆ ಕೊಟ್ಟಳು. ಸಾಸಿವೆ ಸಿಡಿಯುವ ಸದ್ದಿಗೇ ಪಕ್ಕದ ಒಲೆಯ ಡಚ್ ಹೆಂಗಸು ತಿರುಗಿ ನೋಡಿದರು. ಚಿತ್ರಾನ್ನದ ಒಂದು ತಟ್ಟೆ ಆ ಕಡೆ ಹೋಯಿತು, ಅವರು ಹಿಡಿದಿದ್ದ ಕಾಡ್ ಮೀನಿನ ತುಂಡುಗಳು ಈ ಕಡೆ ಬಂದವು. ಮೀನು ತಿನ್ನದ ನನ್ನ ಹೆಂಡತಿಗೆ ಅಂತ ಆಲೂಗಡ್ಡೆಯನ್ನು ಬೇರೆ ಬಾಣಲೆಯಲ್ಲಿ ಹುರಿದುಕೊಟ್ಟರು. ಯಾರೂ ಕೇಳದೇ ಇದ್ದರೂ ಬಾಣಲೆ ಬದಲಿಸಿದ ಆ ಒಂದು ಕೆಲಸ ನನ್ನ ಮನಸ್ಸಲ್ಲಿ ಉಳಿದಿದೆ.

ಊರಿಂದ ಕಾಫಿಪುಡಿ, ಸ್ಟೀಲ್ ಫಿಲ್ಟರ್ ಮರೆಯದೆ ತಗೊಂಡು ಹೋಗಿ. ಫಿನ್‌ಲ್ಯಾಂಡ್‌ನವರು ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿದ್ದಾರೆ. ಸ್ವೀಡನ್, ನಾರ್ವೆಯೂ ಹಿಂದೆ ಬಿದ್ದಿಲ್ಲ. ಅವರದ್ದು ಹೆಚ್ಚಾಗಿ ತಿಳಿಯಾಗಿ ಹುರಿದ ಬೀಜದ ಕಾಫಿ. ಚಿಕ್ಕಮಗಳೂರಿನ ಪುಡಿಯ ಗಟ್ಟಿ ಡಿಕಾಕ್ಷನ್‌ಗೆ ಬಿಸಿ ಹಾಲು ಹಾಕಿ ಕೊಟ್ಟರೆ ಅರ್ಧ ಗಂಟೆ ಮಾತಿಗೆ ವಿಷಯ ಸಿಕ್ಕಿತು ಅಂತಲೇ. ಚಟ್ನಿಪುಡಿ, ಸಾರಿನಪುಡಿ ಒಯ್ಯಬಹುದು. ತುಪ್ಪ, ಹಾಲಿನ ಪದಾರ್ಥ, ಮಾಂಸ ಮಾತ್ರ ಬೇಡ. ಯುರೋಪಿನ ಹೊರಗಿನಿಂದ ಪ್ರಯಾಣಿಕರು ಅವನ್ನು ತರುವಂತಿಲ್ಲ.

ಜನ ಸಿಗುವ ಎರಡನೆಯ ಜಾಗ ಫೆರಿಯ ಸಾಲು. ಆಂಡೆನೆಸ್‌ನಿಂದ ಸೆನ್ಯಾದ ಗ್ರಿಲ್ಲೆಫ್ಯೋರ್ಡ್‌ಗೆ ಹೋಗುವ ಫೆರಿ ಬೇಸಿಗೆಯಲ್ಲಿ ಮಾತ್ರ ಇರುತ್ತದೆ. ಬಹಳ ಮುಂಚೆಯೇ ಹೋಗಿ ನಿಂತರೆ ಒಳ್ಳೆಯದು. ಸಾಲಿನಲ್ಲಿ ಗಾಡಿ ನಿಂತ ಮೇಲೆ ಎಲ್ಲರಿಗೂ ಇರುವುದು ಒಂದೇ ಕೆಲಸ, ಕಾಯುವುದು. ಬಾಗಿಲುಗಳು ತೆರೆಯುತ್ತವೆ, ಮಕ್ಕಳು ಇಳಿಯುತ್ತಾರೆ, ನಾಯಿಗಳೂ ಇಳಿಯುತ್ತವೆ. ನಮ್ಮ ಮಗಳಿಗೆ ಒಂದು ಸ್ವಿಸ್ ಕುಟುಂಬದ ಹುಡುಗಿ ಸಿಕ್ಕಿದ್ದು ಅಲ್ಲೇ. ಇಬ್ಬರಿಗೂ ಒಂದು ಸಾಮಾನ್ಯ ಭಾಷೆ ಇರಲಿಲ್ಲ, ಸುಮ್ನೆ ಒಂದು ಚೆಂಡು ಇತ್ತು. ಆ ಕುಟುಂಬದ ಜತೆ ಆಮೇಲೆ ಆಲ್ಟಾವರೆಗೂ ಹಿಂದೆ ಮುಂದೆ ಹೋದೆವು. ಆಲ್ಟಾದಲ್ಲಿ ಸಾವಿರಾರು ವರ್ಷ ಹಳೆಯ ಬಂಡೆ ಚಿತ್ರಗಳಿವೆ, 1985ರಿಂದ ವಿಶ್ವ ಪರಂಪರೆಯ ತಾಣ. ಇಬ್ಬರು ಮಕ್ಕಳೂ ಹಿಮಸಾರಂಗ ಎಷ್ಟು, ದೋಣಿ ಎಷ್ಟು ಅಂತ ಎಣಿಸುತ್ತಾ ಆ ಮರದ ದಾರಿಯಲ್ಲಿ ನಡೆದರು.

ನೀರು ತುಂಬಿಸುವ, ಕೊಳಕು ನೀರು ಖಾಲಿ ಮಾಡುವ ಜಾಗದಲ್ಲೂ ಮಾತು ಶುರುವಾಗುತ್ತದೆ, ಆದರೆ ಹಿಂದೆ ಸಾಲಿದ್ದರೆ ಬೇಗ ಕೆಲಸ ಮುಗಿಸಿ ಪಕ್ಕಕ್ಕೆ ಬಂದು ಮಾತಾಡಿ.

ಲೊಫೋಟೆನ್ ಬಗ್ಗೆ ಒಂದು ಮಾತು. ಜುಲೈನಲ್ಲಿ ಅಲ್ಲಿ ಗಾಡಿಗಳು ವಿಪರೀತ. ರಾತ್ರಿ ನಿಲ್ಲಿಸಬಾರದು ಅನ್ನುವ ಫಲಕಗಳು ಎಲ್ಲೆಲ್ಲೂ ಇವೆ. ಈ ಮೂರೂ ದೇಶಗಳಲ್ಲಿ ಪ್ರಕೃತಿಯಲ್ಲಿ ಯಾರು ಬೇಕಾದರೂ ಓಡಾಡಬಹುದು, ತಂಗಬಹುದು ಅನ್ನುವ ಹಕ್ಕು ಇದೆ. ನಾರ್ವೆಯಲ್ಲಿ ಅದಕ್ಕೆ 1957ರ ಕಾನೂನೇ ಇದೆ. ಆದರೆ ಅದು ನಡೆದು ಹೋಗುವವರಿಗೆ, ಟೆಂಟ್ ಹಾಕುವವರಿಗೆ. ಟೆಂಟ್ ಕೂಡ ಮನೆಗಳಿಂದ 150 ಮೀಟರ್ ದೂರ ಇರಬೇಕು. ಮೋಟರ್‌ಹೋಮ್‌ಗೆ ಆ ಹಕ್ಕು ಹಾಗೇ ಅನ್ವಯಿಸುವುದಿಲ್ಲ. ಇದನ್ನು ನೇರ ಹೇಳುತ್ತೇನೆ, ಏಕೆಂದರೆ ಫಲಕ ನೋಡಿಯೂ ನಿಲ್ಲಿಸುವವರಿಂದ ಸ್ಥಳೀಯರಿಗೆ ನಿಜವಾಗಿ ಬೇಸರವಾಗಿದೆ. ನಮ್ಮ ಜತೆ ಚೆನ್ನಾಗಿ ಮಾತಾಡಿದ ಅಂಗಡಿಯ ಯಜಮಾನರು ಮೊದಲು ಕೇಳಿದ್ದೇ "ರಾತ್ರಿ ಎಲ್ಲಿ ನಿಲ್ಲಿಸಿದ್ದೀರಿ?" ಅಂತ. ಕ್ಯಾಂಪಿಂಗ್‌ನಲ್ಲಿ ಅಂದಾಗ ಅವರ ಮುಖ ಸಡಿಲವಾಯಿತು. ಒಳ್ಳೆಯ ಜಾಗ ತೋರಿಸುವ ಪಾರ್ಕ್‌ಫಾರ್‌ನೈಟ್‌ನಂಥ ಆ್ಯಪ್‌ಗಳು ಉಪಯೋಗಕ್ಕೆ ಬರುತ್ತವೆ, ಆದರೆ ಆ್ಯಪ್ ಏನೇ ಹೇಳಲಿ, ಎದುರಿಗಿರುವ ಫಲಕದ ಮಾತೇ ಅಂತಿಮ.

ನಾರ್ತ್ ಕೇಪ್‌ಗೆ ಹೋಗುವ ಇ69 ರಸ್ತೆಯಲ್ಲಿ ಸೈಕಲ್ ಯಾತ್ರಿಕರು ಸಿಗುತ್ತಾರೆ. ಎದುರು ಗಾಳಿ, ಮಳೆ, ಜತೆಗೆ ಸಮುದ್ರದಡಿ 212 ಮೀಟರ್ ಆಳಕ್ಕೆ ಇಳಿದು ಏರುವ ಸುಮಾರು 7 ಕಿಲೋಮೀಟರ್ ಸುರಂಗ. ಸುರಂಗ ದಾಟಿ ಸುರಕ್ಷಿತ ಜಾಗ ಕಂಡಲ್ಲಿ ನಿಲ್ಲಿಸಿ, ಬಿಸಿನೀರು ಬೇಕಾ ಅಂತ ಒಂದು ಮಾತು ಕೇಳಿ. ನಾವು ಕೇಳಿದ ಹುಡುಗಿ ಒಬ್ಬಳೇ ಬರ್ಲಿನ್‌ನಿಂದ ಬಂದಿದ್ದಳು. ಬೆರಳುಗಳು ಎಷ್ಟು ಮರಗಟ್ಟಿದ್ದವು ಅಂದರೆ ಹೆಲ್ಮೆಟ್‌ನ ಕೊಂಡಿಯನ್ನು ನನ್ನ ಮಗಳೇ ಬಿಚ್ಚಿಕೊಟ್ಟಳು. ಎರಡು ಲೋಟ ಶುಂಠಿ ಚಹಾ ಕುಡಿದು, ಕೈ ಬೆಚ್ಚಗಾದ ಮೇಲೆ ಮಾತಿಗೆ ಶುರು ಮಾಡಿದವಳು ಮುಂದಿನ ಫಿನ್‌ಲ್ಯಾಂಡ್ ದಾರಿಯ ಇಡೀ ವಿವರ ಕೊಟ್ಟಳು. ಎಲ್ಲಿ ಸೊಳ್ಳೆ ಜಾಸ್ತಿ, ಎಲ್ಲಿ ಅಂಗಡಿ ಇಲ್ಲ, ಎಲ್ಲ. ಸೈಕಲ್‌ನಲ್ಲಿ ಬಂದವರಿಗೆ ರಸ್ತೆಯ ಪ್ರತಿ ಗುಂಡಿಯೂ ಗೊತ್ತಿರುತ್ತದೆ.

ನಾರ್ತ್ ಕೇಪ್ ಅಂದರೆ ಸಮುದ್ರದಿಂದ 307 ಮೀಟರ್ ಎತ್ತರದ ಬಂಡೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲ, ಮೋಡ ಇದ್ದರೆ ಕಾಣುವುದೂ ಇಲ್ಲ. ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿನ ಗಾಳಿಗೆ ಗಾಡಿಯ ಮೂತಿಯನ್ನು ಎದುರು ಮಾಡಿ ನಿಲ್ಲಿಸಿ, ಅಡ್ಡ ನಿಲ್ಲಿಸಿದರೆ ರಾತ್ರಿಯೆಲ್ಲ ತೂಗುತ್ತದೆ. ಇದನ್ನು ಹೇಳಿಕೊಟ್ಟವರು ಪಕ್ಕದ ಫಿನ್ನಿಷ್ ಅಜ್ಜ, ಗಾಡಿ ನಿಲ್ಲಿಸುವಾಗಲೇ ಇಳಿದು ಬಂದು ಕೈಸನ್ನೆಯಲ್ಲಿ ತಿರುಗಿಸಿಕೊಟ್ಟರು. ರಾತ್ರಿ ಹನ್ನೆರಡಕ್ಕೆ ಎಲ್ಲರೂ ಭೂಗೋಳದ ಆ ಕಬ್ಬಿಣದ ಶಿಲ್ಪದ ಹತ್ತಿರ ಸೇರುತ್ತಾರೆ. ಒಬ್ಬರ ಫೋಟೊ ಇನ್ನೊಬ್ಬರು ತೆಗೆಯುವಷ್ಟರಲ್ಲಿ ಪರಿಚಯವಾಗಿರುತ್ತದೆ. ನಡೆಯುವ ಶಕ್ತಿ ಇದ್ದರೆ ಇನ್ನೂ ಉತ್ತರಕ್ಕಿರುವ ಕ್ನಿವ್‌ಶೆಲ್ಲೊಡ್ಡೆನ್‌ಗೆ ಹೋಗಿ. ಹೋಗಿ ಬರಲು ಸುಮಾರು 18 ಕಿಲೋಮೀಟರ್. ಗುಂಪು ಸಿಕ್ಕರೆ ಅವರ ಜತೆ ಸೇರಿಕೊಳ್ಳಿ, ಮಂಜು ಕವಿದರೆ ಒಬ್ಬರೇ ನಡೆಯುವುದು ಕ್ಷೇಮವಲ್ಲ.

ಈ ಉತ್ತರ ಭಾಗದ ಮೂಲನಿವಾಸಿಗಳಾದ, ಹಿಮಸಾರಂಗ ಸಾಕುವುದಕ್ಕೆ ಹೆಸರಾದ ಸಾಮಿ ಜನರನ್ನು ಭೇಟಿಯಾಗುವಾಗ ಗಮನದಲ್ಲಿರಲಿ: ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇದೆ ಅಂತ ಕೇಳಬಾರದು. ಅದು ಬ್ಯಾಂಕಿನಲ್ಲಿ ದುಡ್ಡು ಎಷ್ಟಿದೆ ಅಂತ ಕೇಳಿದ ಹಾಗೆ. ಕೇಳದೆ ಫೋಟೊ ತೆಗೆಯುವುದೂ ಬೇಡ. ಮೊದಲು ಇನಾರಿಯ ಸೀಡಾ ಮ್ಯೂಸಿಯಂ ನೋಡಿಕೊಂಡರೆ ಮಾತಿಗೆ ಒಂದು ನೆಲೆ ಸಿಗುತ್ತದೆ. ಸ್ವೀಡನ್‌ನ ಉತ್ತರದಲ್ಲಿ ರಸ್ತೆ ಬದಿಯ ಕಂಬಕ್ಕೆ ಕಪ್ಪು ಪ್ಲಾಸ್ಟಿಕ್ ಚೀಲ ಕಟ್ಟಿರುವುದು ಕಂಡರೆ ವೇಗ ಇಳಿಸಿ. ಹತ್ತಿರದಲ್ಲಿ ಹಿಮಸಾರಂಗ ಇವೆ ಅಂತ ಸಾಕುವವರು ಕೊಡುವ ಸೂಚನೆ ಅದು. ನಮಗಿದು ಗೊತ್ತಾಗಿದ್ದು ಕಿರುನಾ ಬಳಿ ಸಿಕ್ಕ ಸ್ವೀಡಿಷ್ ದಂಪತಿಯಿಂದ. ಒಂದು ದಾಟಿದರೆ ಹಿಂದೆ ಇನ್ನೊಂದು ಬರುತ್ತದೆ ಅಂತಲೂ ಅವರೇ ಹೇಳಿದ್ದು. ಗಾಡಿ ಗುದ್ದಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಲೇಬೇಕು.

ಫಿನ್‌ಲ್ಯಾಂಡ್‌ನಲ್ಲಿ ಸೌನಾಗೆ (ಬಿಸಿ ಹಬೆಯ ಸ್ನಾನದ ಕೋಣೆಗೆ) ಕರೆದರೆ ಹಿಂಜರಿಯಬೇಡಿ. ಕ್ಯಾಂಪಿಂಗ್‌ಗಳಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಹೊತ್ತು ಇರುತ್ತದೆ. ಬಟ್ಟೆ ಇಲ್ಲದೆ ಕೂರುವುದು ಅಲ್ಲಿ ಸಹಜ, ಮುಜುಗರ ಆದರೆ ಟವೆಲ್ ಸುತ್ತಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಇಡೀ ದಿನ ಮಾತಾಡದ ಫಿನ್ನಿಷ್ ಜನ ಅಲ್ಲಿ ಮನೆ, ಮಕ್ಕಳು, ಕೆಲಸ ಅಂತ ಮನಸ್ಸು ಬಿಚ್ಚುತ್ತಾರೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಂಕಿ ಹಾಕಲು ಗುರುತಿಸಿದ ಜಾಗಗಳಿವೆ, ಎಷ್ಟೋ ಕಡೆ ಸೌದೆಯೂ ಇಟ್ಟಿರುತ್ತಾರೆ. ಬೆಂಕಿಯ ಸುತ್ತ ಇದ್ದವರು ಸರಿದು ಜಾಗ ಕೊಡುತ್ತಾರೆ. ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ.

ಇನ್ನು ನೆರೆಹೊರೆಯ ಮರ್ಯಾದೆ. ಸ್ವೀಡನ್‌ನ ಕ್ಯಾಂಪಿಂಗ್‌ಗಳಲ್ಲಿ ಗಾಡಿಗಳ ನಡುವೆ 4 ಮೀಟರ್ ಅಂತರ ಇರಬೇಕು, ಬೆಂಕಿಯ ಭಯಕ್ಕೆ. ಇನ್ನೊಬ್ಬರ ಗಾಡಿಗೆ ಹತ್ತುವಾಗ ಶೂ ಹೊರಗೆ ಬಿಡಿ, ನಮಗದು ಹೇಳಿಕೊಡಬೇಕಾಗಿಲ್ಲ. ಬೆಳಕಿದೆ ಅಂತ ರಾತ್ರಿ ಹನ್ನೊಂದರ ಮೇಲೆ ಜೋರಾಗಿ ಮಾತಾಡಬೇಡಿ. ಬಿಯರ್ ಕೊಟ್ಟರೆ ಬೆಳಗಿನ ಡ್ರೈವಿಂಗ್ ನೆನಪಿರಲಿ. ನಾರ್ವೆ, ಸ್ವೀಡನ್‌ನಲ್ಲಿ ರಕ್ತದಲ್ಲಿನ ಮದ್ಯದ ಮಿತಿ ಸಾವಿರಕ್ಕೆ 0.2 ಭಾಗ ಮಾತ್ರ. ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಯಾರಾದರೂ ತೋರಿಸಿದ ಸದ್ದಿಲ್ಲದ ಜಾಗದ ವಿಳಾಸವನ್ನು ಅಂತರ್ಜಾಲದಲ್ಲಿ ಹಾಕಬೇಡಿ, ಅವರು ನಿಮ್ಮನ್ನು ನಂಬಿ ಹೇಳಿರುತ್ತಾರೆ.

ಮುಂದೆ ಎಲ್ಲೋ ಮತ್ತೆ ಸೇರೋಣ ಅಂತ ಮಾತಾದರೆ ವಾಟ್ಸ್ಆ್ಯಪ್ ನಂಬರ್ ತಗೊಳ್ಳಿ. ಫಿನ್‌ಲ್ಯಾಂಡ್ ಗಡಿಯಲ್ಲಿ ಸೇರುವುದಾದರೆ ಯಾವ ದೇಶದ ಗಂಟೆ ಅಂತ ಕೇಳಿಕೊಳ್ಳಿ. ಹಾಪರಾಂಡಾದಿಂದ ಸೇತುವೆ ದಾಟಿ ಟೊರ್ನಿಯೊಗೆ ಹೋದರೆ ಗಡಿಯಾರ ಒಂದು ಗಂಟೆ ಮುಂದೆ. ದಾರಿಯ ಯೋಜನೆಯಲ್ಲಿ ವಾರಕ್ಕೆ ಒಂದು ದಿನವಾದರೂ ಖಾಲಿ ಬಿಡಿ, ಯಾವ ಬುಕಿಂಗ್ ಕೂಡ ಇಲ್ಲದೆ. ಜತೆಯವರು "ನಾಳೆ ಇಲ್ಲೇ ಇರುತ್ತೇವೆ, ಬೆಟ್ಟಕ್ಕೆ ಹೋಗೋಣ ಬನ್ನಿ" ಅಂದಾಗ ಹೂಂ ಅನ್ನಲು ಆ ದಿನ ಬೇಕಾಗುತ್ತದೆ. ಜುಲೈಗೆ ಗಾಡಿ ಬೇಕಿದ್ದರೆ ಜನವರಿಯಲ್ಲೇ ಕಾದಿರಿಸಿ, ಕುರ್ಚಿ ಎಷ್ಟು ಕೊಡುತ್ತೀರಿ ಅಂತ ಆಗಲೇ ಕೇಳಿ, ನೀವಿರುವುದಕ್ಕಿಂತ ಎರಡು ಜಾಸ್ತಿ ಹಾಕಿಸಿಕೊಳ್ಳಿ.