ಫೆಶ್ ದಿನ: ಮಗಳ ಮೊದಲ ರೀಲ್

ಐರ್ಲೆಂಡಿನಲ್ಲಿ ಐರಿಷ್ ನೃತ್ಯದ ಸ್ಪರ್ಧೆಯನ್ನು ಫೆಶ್ ಎನ್ನುತ್ತಾರೆ. ಡಬ್ಲಿನ್ ಹೊರವಲಯದ ಶಾಲೆಯೊಂದರ ಸಭಾಂಗಣದಲ್ಲಿ ನಡೆದ ಅಂಥ ಒಂದು ಫೆಶ್‌ಗೆ ನಮ್ಮ ಎಂಟು ವರ್ಷದ ಮಗಳನ್ನು ಮೊದಲ ಬಾರಿ ಕರೆದುಕೊಂಡು ಹೋಗಿದ್ದೆವು. ಒಳಗೆ ಕಾಲಿಟ್ಟಾಗ ಮರದ ವೇದಿಕೆಗಳು ಒಂದರ ಪಕ್ಕ ಒಂದು ಸಿದ್ಧವಾಗಿದ್ದವು. ಪ್ರತಿಯೊಂದರ ಮುಂದೆ ಮೇಜು ಹಾಕಿಕೊಂಡು ಕುಳಿತ ತೀರ್ಪುಗಾರರು, ಬದಿಯಲ್ಲಿ ಅಕಾರ್ಡಿಯನ್ ಹಿಡಿದ ವಾದಕರು. ರೀಲ್, ಜಿಗ್ ಎಂಬುವು ಇಲ್ಲಿನ ನೃತ್ಯದ ಬಗೆಗಳು, ಅವುಗಳ ಧಾಟಿಗಳಿಗೂ ಅದೇ ಹೆಸರು; ಒಂದು ವೇದಿಕೆಯ ರೀಲ್ ಇನ್ನೊಂದರ ಜಿಗ್‌ನೊಳಗೆ ನುಗ್ಗಿ ಬರುತ್ತಿತ್ತು. ಆ ಗದ್ದಲದ ನಡುವೆ ತನ್ನ ವೇದಿಕೆಯ ಸಂಗೀತವನ್ನಷ್ಟೇ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಒಂದು ಮಗುವಿಗೆ ಎಷ್ಟು ದೊಡ್ಡ ಕೆಲಸವೆಂಬುದು ನನಗೆ ಆಗಲೇ ಅರಿವಾಯಿತು. ದಿನವಿಡೀ ನಾನು ಗಮನಿಸಿದ್ದು ಹೆಚ್ಚಾಗಿ ಅದನ್ನೇ.

ಮೈಸೂರಿನಲ್ಲಿ ಭರತನಾಟ್ಯ ಕಲಿತು ಬೆಳೆದ ನನಗೆ ಈ ನೃತ್ಯದ ಚೆಲುವು ಕಣ್ಣಿಗೆ ಹತ್ತಲು ಸಮಯ ಹಿಡಿದಿತ್ತು. ಮೊಣಕಾಲು ಮಡಿಸಿ ಅರೆ ಕುಳಿತ ಅರಮಂಡಿಯಲ್ಲಿ ಭೂಮಿಗೆ ಹತ್ತಿರವಾಗುವ ದೇಹ ಇಲ್ಲಿಲ್ಲ. ಹಿಮ್ಮಡಿ ಎತ್ತಿ, ಪಾದಗಳನ್ನು ಹೊರಕ್ಕೆ ತಿರುಗಿಸಿ, ಒಂದು ಮೊಣಕಾಲು ಇನ್ನೊಂದರ ಹಿಂದೆ ಮರೆಯಾಗುವಂತೆ ಕಾಲುಗಳನ್ನು ಅಡ್ಡ ಹಾಯಿಸಿ ನೆಲ ಬಿಟ್ಟು ಮೇಲೇಳಬೇಕು. ತೋಳುಗಳು ಮಾತ್ರ ಪಕ್ಕದಲ್ಲಿ ನೇರವಾಗಿ ಇಳಿಬಿದ್ದಿರಬೇಕು. ಕೈ ಅಲುಗಿಸದಿರುವುದಕ್ಕೆ ಪಾದ್ರಿಗಳ ಕಟ್ಟುಪಾಡು, ಇಕ್ಕಟ್ಟಾದ ಮನೆಗಳು ಎಂದು ಜನ ಬಗೆಬಗೆಯ ಕಾರಣಗಳನ್ನು ಹೇಳುತ್ತಾರೆ, ಆದರೆ ಯಾವುದಕ್ಕೂ ಗಟ್ಟಿ ಆಧಾರವಿಲ್ಲ. ಪಶ್ಚಿಮದ ಕಾನೆಮಾರಾ ಸೀಮೆಯ ಶಾನ್ ನೋಸ್ ಎಂಬ ಹಳೆಯ ಶೈಲಿಯ ನೃತ್ಯದಲ್ಲಿ ಕೈಗಳು ಇಂದಿಗೂ ಸಡಿಲವಾಗಿ ಆಡುತ್ತವೆ. ಐರಿಷ್ ಭಾಷೆಯ ಉಳಿವಿಗಾಗಿ 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್ ನೃತ್ಯವನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡು ಸ್ಪರ್ಧೆಗಳನ್ನು ಬೆಳೆಸಿತು. ಮುಂದೆ 1930ರ ದಶಕದ ಆರಂಭದಲ್ಲಿ ಅದರ ಆಶ್ರಯದಲ್ಲೇ ರೂಪುಗೊಂಡ ನೃತ್ಯ ಆಯೋಗವು ಶಿಕ್ಷಕರಿಗೂ ತೀರ್ಪುಗಾರರಿಗೂ ಪರೀಕ್ಷೆಗಳನ್ನು ಗೊತ್ತುಮಾಡಿತು. ಇಂದಿನ ನೆಟ್ಟನೆಯ ನಿಲುವು ಇಷ್ಟೊಂದು ಬಿಗಿಯಾದದ್ದು ಈ ಸ್ಪರ್ಧೆಗಳ ದಾರಿಯಲ್ಲೇ ಎಂದು ನನಗನ್ನಿಸುತ್ತದೆ. ಮೇಲಿನ ದೇಹ ನಿಶ್ಚಲವಾಗಿದ್ದಾಗ ಪಾದದ ಸಣ್ಣ ತಪ್ಪಿಗೂ ಅಡಗಲು ಜಾಗವಿರುವುದಿಲ್ಲ. ಇದನ್ನು ಮರಗಟ್ಟಿದ ನೃತ್ಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮವರ ಸರದಿ ಬರುವ ಮೊದಲು ಪಕ್ಕದ ವೇದಿಕೆಯಲ್ಲಿ ದೊಡ್ಡ ಹುಡುಗಿಯರು ಸ್ಲಿಪ್ ಜಿಗ್ ಆಡಿದರು. ಅದು 9/8ರ ನಡೆ, ಅಂದರೆ ಒಂದು ಸುತ್ತಿಗೆ ಒಂಬತ್ತು ಎಣಿಕೆ. ಒಂಬತ್ತು ಎಂದ ಕೂಡಲೇ ನಮ್ಮ ಕಿವಿ ಕರ್ನಾಟಕ ಸಂಗೀತದ ಸಂಕೀರ್ಣ ನಡೆಯ ನಾಲ್ಕು-ಐದನ್ನು ಹುಡುಕುತ್ತದೆ, ಇಲ್ಲಿಯಾದರೋ ಅದು ಮೂರು ಮೂರರ ಮೂರು ಗುಂಪು. ರೀಲ್ 4/4ರಲ್ಲಿ, ಲೈಟ್ ಜಿಗ್ 6/8ರಲ್ಲಿ ನಡೆಯುತ್ತದೆ. ತಾಳ ಬಲ್ಲ ತಂದೆತಾಯಿಗಳು ಮಕ್ಕಳಿಗೆ ಎಣಿಸಿಕೊಡುವ ಮೊದಲು ಈ ಧಾಟಿಗಳನ್ನು ಮನೆಯಲ್ಲಿ, ಕಾರಿನಲ್ಲಿ, ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಕೇಳಿಸಬೇಕು. ಎಣಿಕೆ ಗಾಬರಿಯಲ್ಲಿ ಮರೆತುಹೋಗಬಹುದು, ಕಿವಿಗೆ ಒಗ್ಗಿದ ರಾಗ ಮರೆಯುವುದಿಲ್ಲ.

ಮಗಳ ಹೆಸರು ಕರೆದಾಗ ಸೊಂಟಕ್ಕೆ ಸಿಕ್ಕಿಸಿದ ಸಂಖ್ಯೆಯ ಚೀಟಿ ಸರಿಪಡಿಸಿಕೊಂಡು ಅವಳು ಇನ್ನೊಂದು ಮಗುವಿನ ಜೊತೆ ವೇದಿಕೆಯ ಹಿಂಬದಿಯಲ್ಲಿ ನಿಂತಳು. ಇಬ್ಬರೂ ಒಂದೇ ರಾಗಕ್ಕೆ ಆಡುತ್ತಾರೆ, ಆದರೆ ಬೇರೆ ಬೇರೆ ಶಾಲೆಯವರಾದ್ದರಿಂದ ಸ್ಟೆಪ್‌ಗಳು ಬೇರೆ. ಪಕ್ಕದವರ ಕಾಲು ನೋಡಿದರೆ ತನ್ನದು ತಪ್ಪುತ್ತದೆ. ಮೊದಲ ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತಿನ ಸಂಗೀತ ಕಾಯುವುದಕ್ಕೇ ಮೀಸಲು. ಆ ಕಾಯುವಿಕೆಯಲ್ಲಿ ಆತುರಪಟ್ಟು ಮುಂದೆ ಹೆಜ್ಜೆಯಿಟ್ಟ ಮಕ್ಕಳನ್ನು ಬೆಳಗಿನಿಂದ ನೋಡಿದ್ದೆ. ಹಾಗೆ ಹೊರಟವರಿಗೆ ರಾಗ ಮತ್ತೆ ಕೈಗೆ ಸಿಗುವುದು ಕಷ್ಟ. ನನ್ನ ಮಗಳು ಕಾದಳು, ಪಾದದ ತುದಿ ಮುಂದೆ ಚಾಚಿದಳು, ಸರಿಯಾದ ಬಾರ್‌ಗೆ ಹೊರಟಳು. ಬಲಗಾಲಿನಲ್ಲಿ ಆಡಿದ ಸ್ಟೆಪ್ಪನ್ನೇ ಎಡಗಾಲಿನಲ್ಲಿ ಮರಳಿ ಆಡಬೇಕು. ಹದಿನೆಂಟನೆಯ ಶತಮಾನದಲ್ಲಿ ಊರೂರು ಸುತ್ತುತ್ತಿದ್ದ ನೃತ್ಯದ ಮೇಷ್ಟ್ರುಗಳು ಎಡಬಲ ತಿಳಿಯದ ಶಿಷ್ಯರ ಒಂದು ಕಾಲಿಗೆ ಹುಲ್ಲಿನ ಹಗ್ಗವನ್ನೂ ಇನ್ನೊಂದಕ್ಕೆ ಬಳುಕುವ ಕಡ್ಡಿಯನ್ನೂ ಕಟ್ಟಿ, ಅವುಗಳ ಹೆಸರು ಹೇಳಿ ಕಾಲೆತ್ತಿಸುತ್ತಿದ್ದರು ಎಂಬ ಕಥೆಯನ್ನು ಅವಳ ಶಿಕ್ಷಕಿ ತರಗತಿಯಲ್ಲಿ ಹೇಳಿದ್ದರು. ಹೊಸಬರು ಬಲಗಾಲನ್ನೇ ಹೆಚ್ಚು ತಿದ್ದಿಕೊಂಡು ಎಡಗಾಲನ್ನು ಸೊರಗಿಸುತ್ತಾರೆ. ಅಭ್ಯಾಸವನ್ನು ಎಡಗಾಲಿನಿಂದಲೇ ಶುರುಮಾಡಿಸಿ ಎಂಬುದು ಆ ಶಿಕ್ಷಕಿ ಕೊಟ್ಟ ಸಲಹೆ, ಅದರ ಬೆಲೆ ನನಗೆ ತಿಳಿದದ್ದು ಈ ವೇದಿಕೆಯ ಮುಂದೆ.

ಅವರ ನಂತರ ಆಡಿದ ಪುಟ್ಟ ಹುಡುಗಿಯೊಬ್ಬಳ ಷೂವಿನ ಲೇಸ್ ಬಿಚ್ಚಿಹೋಗಿ ಅವಳು ನಡುವೆಯೇ ನಿಲ್ಲಬೇಕಾಯಿತು. ರೀಲ್‌ಗೆ, ಜಿಗ್‌ಗೆ ಹುಡುಗಿಯರು ಹಾಕುವ ಮೃದುವಾದ ಕಪ್ಪು ಚರ್ಮದ ಪಂಪ್ಸ್ ಷೂಗಳು ಬೆರಳಿಗೆ ತಾಗುವಷ್ಟು ಬಿಗಿಯಾಗಿರಬೇಕು. ಬೆಳೆಯುವ ಮಗುವೆಂದು ದೊಡ್ಡ ಅಳತೆ ತಂದರೆ ಪಾದದ ಬಾಗು ಕಾಣುವುದೇ ಇಲ್ಲ. ಲೇಸನ್ನು ಅಂಗಾಲಿನ ಸುತ್ತ ತಂದು, ಕಣಕಾಲಿಗೆ ಕಟ್ಟಿ, ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ಸೇರಿಸಿಬಿಡಬೇಕು. ಚೀಲದಲ್ಲಿ ಒಂದು ಜೊತೆ ಬದಲಿ ಲೇಸ್ ಇರಲೇಬೇಕು. ಗುಂಗುರು ವಿಗ್ಗು, ಮಿನುಗುವ ಉಡುಪುಗಳ ಚಿಂತೆ ಆರಂಭದ ಮಕ್ಕಳಿಗೆ ಬೇಡ, ಶಾಲೆಯ ಸರಳ ಉಡುಪು ಸಾಕು.

ಮಧ್ಯಾಹ್ನ ಹಿರಿಯರ ಗಡಸು ಷೂಗಳ, ಅಂದರೆ ನೆಲಕ್ಕೆ ಬಡಿದು ಸದ್ದು ಮಾಡುವ ಗಟ್ಟಿ ಅಡಿಯ ಷೂಗಳ, ಸದ್ದು ಶುರುವಾಯಿತು. ಆರಂಭದವರು ನಿಮಿಷಕ್ಕೆ ಸುಮಾರು 92 ಬೀಟ್‌ಗಳ ವೇಗದಲ್ಲಿ ಆಡುವ ಟ್ರೆಬಲ್ ಜಿಗ್ ಎಂಬ ಗಡಸು ಷೂ ನೃತ್ಯವನ್ನು ಪಳಗಿದವರು 73ಕ್ಕೆ ಇಳಿಸಿ ಆಡುತ್ತಾರೆ, ಏಕೆಂದರೆ ಆ ಬಿಡುವಿನೊಳಗೆ ಇನ್ನಷ್ಟು ಹೊಡೆತಗಳನ್ನು ತುಂಬಬೇಕು. ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನ 1994ರ ವಿರಾಮದಲ್ಲಿ ರಿವರ್‌ಡ್ಯಾನ್ಸ್ ಎಂಬ ಐರಿಷ್ ನೃತ್ಯ ಪ್ರದರ್ಶನ ಜಗತ್ತಿಗೆ ತೋರಿಸಿದ್ದು ಈ ಸದ್ದನ್ನೇ; ಹತ್ತಿರದಿಂದ ಕೇಳಿದಾಗ ಮಾತ್ರ ಪ್ರತಿ ಹೊಡೆತದ ಅಂಚು ತಿಳಿಯುತ್ತದೆ. ಅಲ್ಲಿದ್ದ ಹಿರಿಯ ನರ್ತಕಿಯೊಬ್ಬಳು ಕಣಕಾಲಿನ ಉಳುಕು, ಮೊಣಕಾಲಿನ ಕೆಳಗಿನ ಮುಂಗಾಲ ನೋವು ತಮ್ಮ ಕಲೆಯಲ್ಲಿ ಸಾಮಾನ್ಯವೆಂದಳು. ಸಿಮೆಂಟು ನೆಲದ ಮೇಲೆ ಎಂದೂ ಅಭ್ಯಾಸ ಮಾಡಬಾರದು, ಮೊದಲು ಮೈ ಬಿಸಿಮಾಡಿಕೊಳ್ಳಬೇಕು, ದಿನವೂ ಹಿಮ್ಮಡಿ ಎತ್ತಿಳಿಸಿ ಮೀನಖಂಡವನ್ನು ಗಟ್ಟಿ ಮಾಡಿಕೊಳ್ಳಬೇಕು, ನೋವಿದ್ದಾಗ ಜಿಗಿಯಬಾರದು ಎಂದು ಅವಳು ನನ್ನ ಮಗಳಿಗೆ ಅಕ್ಕನಂತೆ ಹೇಳಿಕೊಟ್ಟಳು.

ಸಂಜೆ ಫಲಿತಾಂಶ ಹಚ್ಚಿದಾಗ ಮಗಳ ಸಂಖ್ಯೆ ಬಹುಮಾನದ ಪಟ್ಟಿಯಲ್ಲಿರಲಿಲ್ಲ. ತೀರ್ಪುಗಾರರ ಚೀಟಿಯಲ್ಲಿ ಲಯ ಚೆನ್ನಾಗಿದೆ, ಪಾದಗಳನ್ನು ಇನ್ನೂ ಹೊರಕ್ಕೆ ತಿರುಗಿಸಬೇಕು ಎಂದಿತ್ತು. ಶಿಕ್ಷಕಿ ಅದನ್ನು ಓದಿ ಸಂತೋಷಪಟ್ಟರು. ಪಾದವನ್ನು ತಿದ್ದಬಹುದು, ಕಿವಿಯನ್ನು ಕೊಡುವುದೇ ಕಷ್ಟ ಎಂದರು. ಮುಂದಿನ ವಾರದಿಂದ ಲೈಟ್ ಜಿಗ್‌ನ ಎಡಗಾಲು, ಅದು ಕೂತ ಮೇಲೆ ಗಡಸು ಷೂ ಎಂದು ಅವಳಿಗೆ ಕೆಲಸ ಹಚ್ಚಿ, ಚಾಪೆಯ ಮೇಲೆ ಹಾಸಲು ಒಂದು ದಪ್ಪ ಪ್ಲೈವುಡ್ ಹಲಗೆ ತಂದಿಡುವಂತೆ ನಮಗೆ ಹೇಳಿದರು.